ಕ್ಯಾಮೆರಾದಿಂದ ಕಾಲೇಜಿಗೆ: ಛಾಯಾಗ್ರಾಹಕರ ದಾನದ ನೂರು ವರ್ಷ

1924ರಲ್ಲಿ ಅಮೆರಿಕದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ತಾವು ತೆಗೆದ ಚಿತ್ರಗಳಲ್ಲಿ 27ನ್ನು ಆರಿಸಿ ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂಗೆ ಕೊಟ್ಟರು. ಅವನ್ನು ಅಲ್ಲಿಗೆ ತರಿಸಿದವರು ಆನಂದ ಕುಮಾರಸ್ವಾಮಿ. ನಟರಾಜನ ಬಗ್ಗೆ ಬರೆದು ನಮಗೆಲ್ಲ ಪರಿಚಿತರಾದ ಅದೇ ಕುಮಾರಸ್ವಾಮಿ ಆಗ ಆ ಮ್ಯೂಸಿಯಂನ ಭಾರತೀಯ ಕಲಾವಿಭಾಗವನ್ನು ನೋಡಿಕೊಳ್ಳುತ್ತಿದ್ದರು. ತಾವೂ ಕ್ಯಾಮೆರಾ ಹಿಡಿದವರು. ಫೋಟೊ ಎಂದರೆ ಯಂತ್ರ ತೆಗೆದ ಪಡಿಯಚ್ಚು, ಅದು ಕಲೆ ಹೇಗಾದೀತು ಎಂದು ಅಮೆರಿಕದ ಬಹುತೇಕ ಕಲಾ ಮ್ಯೂಸಿಯಂಗಳು ನಂಬಿದ್ದ ಕಾಲ ಅದು. ದುಡ್ಡು ಕೊಟ್ಟು ಕೊಳ್ಳುವವರಿಲ್ಲದ ಆ ದಿನಗಳಲ್ಲಿ ಛಾಯಾಗ್ರಾಹಕನಿಗೆ ಮ್ಯೂಸಿಯಂನೊಳಗೆ ಹೋಗಲು ಇದ್ದ ದಾರಿ ದಾನವೊಂದೇ.

ಬಾಸ್ಟನ್ನಿನದು ಕಾಲೇಜಿನ ಮ್ಯೂಸಿಯಂ ಅಲ್ಲ. ಆದರೂ ಈ ಕತೆಯನ್ನು ಅಲ್ಲಿಂದಲೇ ಶುರು ಮಾಡಬೇಕು. ಸ್ಟೀಗ್ಲಿಟ್ಜ್ 1946ರಲ್ಲಿ ತೀರಿಕೊಂಡಾಗ ಅವರ ಬಳಿಯಿದ್ದ ಕಲಾಸಂಗ್ರಹವನ್ನು ಎಲ್ಲಿ ಯಾರಿಗೆ ಕೊಡಬೇಕೆಂಬ ಹೊಣೆ ಹೆಂಡತಿ ಜಾರ್ಜಿಯಾ ಓಕೀಫ್ ಮೇಲೆ ಬಿತ್ತು. ಅವರು ದೊಡ್ಡ ಮ್ಯೂಸಿಯಂಗಳಿಗೆ ಕೊಟ್ಟರು, ಜೊತೆಗೆ ಯಾರೂ ನಿರೀಕ್ಷಿಸದ ಒಂದು ಜಾಗಕ್ಕೂ ಕೊಟ್ಟರು. ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ ಕಪ್ಪು ಜನರ ಶಿಕ್ಷಣಕ್ಕಾಗಿ ಹುಟ್ಟಿದ ಫಿಸ್ಕ್ ವಿಶ್ವವಿದ್ಯಾಲಯಕ್ಕೆ 1949ರಲ್ಲಿ 101 ಕೃತಿಗಳು ಹೋದವು. ಅವುಗಳಲ್ಲಿ ಸ್ಟೀಗ್ಲಿಟ್ಜ್ ತೆಗೆದ ಛಾಯಾಚಿತ್ರಗಳೂ ಇದ್ದವು. ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದದ ಕಾನೂನು ಇನ್ನೂ ಜಾರಿಯಲ್ಲಿತ್ತು.

ಫಿಸ್ಕ್ ಹೆಸರನ್ನು ಓಕೀಫ್ ಅವರಿಗೆ ಸೂಚಿಸಿದವರು ಕಾರ್ಲ್ ವಾನ್ ವೆಕ್ಟನ್. ಕಾದಂಬರಿ ಬರೆಯುವುದನ್ನು ಬಿಟ್ಟು 1932ರ ಹೊತ್ತಿಗೆ ಕ್ಯಾಮೆರಾ ಹಿಡಿದ ವಾನ್ ವೆಕ್ಟನ್, ಲ್ಯಾಂಗ್‌ಸ್ಟನ್ ಹ್ಯೂಸ್, ಜೋರಾ ನೀಲ್ ಹರ್ಸ್ಟನ್, ಬೆಸ್ಸಿ ಸ್ಮಿತ್ ಮುಂತಾದ ಕಪ್ಪು ಲೇಖಕರು, ಗಾಯಕರ ಭಾವಚಿತ್ರಗಳನ್ನು ತೆಗೆದವರು. ದಾನದ ವಿಷಯದಲ್ಲಿ ಅವರಷ್ಟು ಯೋಚಿಸಿದವರು ಕಡಿಮೆ. ಕಪ್ಪು ಸಾಹಿತ್ಯ, ಕಲೆಗೆ ಸೇರಿದ ಸಂಗ್ರಹವನ್ನು 1941ರಲ್ಲಿ ಬಿಳಿಯರ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಥಾಪಿಸಿದರು. ಸಂಗೀತಕ್ಕೆ ಸಂಬಂಧಿಸಿದ್ದನ್ನು ಸಂಗೀತಗಾರ ಗರ್ಶ್ವಿನ್ ಹೆಸರಿನಲ್ಲಿ ಫಿಸ್ಕ್‌ಗೆ ಕೊಟ್ಟರು. ಕಪ್ಪು ಸಾಹಿತ್ಯವನ್ನು ಓದಬೇಕಾದವರು ಬಿಳಿಯರ ಯೇಲ್‌ಗೂ, ಸಂಗೀತವನ್ನು ಓದಬೇಕಾದವರು ಕಪ್ಪು ಜನರ ಫಿಸ್ಕ್‌ಗೂ ಹೋಗಲೇಬೇಕು ಎಂಬುದು ಅವರ ಲೆಕ್ಕ. ಒಂದು ವಸ್ತುವನ್ನು ಎಲ್ಲಿ ಇಡುತ್ತೇವೆ ಎನ್ನುವುದರಿಂದಲೇ ಯಾರು ಯಾರನ್ನು ಭೇಟಿಯಾಗುತ್ತಾರೆ ಎಂದು ತೀರ್ಮಾನವಾಗುತ್ತದೆ ಎಂಬುದನ್ನು ಅವರು ಆಗಲೇ ಕಂಡುಕೊಂಡಿದ್ದರು.

ಗೋರ್ಡನ್ ಪಾರ್ಕ್ಸ್ ಕೊಟ್ಟ ದಾನ ಇನ್ನೊಂದು ಬಗೆಯದು. ಪಾರ್ಕ್ಸ್ 1912ರಲ್ಲಿ ಕಾನ್ಸಾಸ್ ರಾಜ್ಯದ ಫೋರ್ಟ್ ಸ್ಕಾಟ್‌ನಲ್ಲಿ ಹುಟ್ಟಿದರು, ಹದಿನೈದು ಮಕ್ಕಳಲ್ಲಿ ಕೊನೆಯವರು. ಕಾಲೇಜಿಗೆ ಹೋಗುವ ಕನಸು ಬೇಡ, ಅಪ್ಪ ಅಮ್ಮನ ದುಡ್ಡು ದಂಡ ಎಂದು ಕಪ್ಪು ಮಕ್ಕಳಿಗೆ ಶಾಲೆಯಲ್ಲಿ ಟೀಚರೇ ಹೇಳುತ್ತಿದ್ದರು. ಹೈಸ್ಕೂಲೂ ಪೂರ್ತಿಯಾಗಲಿಲ್ಲ. ಗಿರವಿ ಅಂಗಡಿಯಲ್ಲಿ ಕೊಂಡ ಕ್ಯಾಮೆರಾದಿಂದ ತಾವೇ ಕಲಿತು, ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯ ಕಸ ಗುಡಿಸುವ ಎಲ್ಲಾ ವಾಟ್ಸನ್ ಎಂಬ ಹೆಂಗಸನ್ನು ರಾಷ್ಟ್ರಧ್ವಜದ ಮುಂದೆ ಪೊರಕೆ ಸಮೇತ ನಿಲ್ಲಿಸಿ 1942ರಲ್ಲಿ ತೆಗೆದ ಚಿತ್ರದಿಂದ ಹೆಸರು ಮಾಡಿದರು. ಮುಂದೆ ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕರಾದರು. 1973ರಲ್ಲಿ ಅವರು ಅದೇ ಕಾನ್ಸಾಸಿನ ರಾಜ್ಯ ವಿಶ್ವವಿದ್ಯಾಲಯಕ್ಕೆ ತಾವೇ ಆರಿಸಿದ 128 ಚಿತ್ರಗಳನ್ನು ಕೊಟ್ಟರು. ಇಂದು ಅವು ಅಲ್ಲಿನ ಬೀಚ್ ಕಲಾ ಮ್ಯೂಸಿಯಂನಲ್ಲಿವೆ. ಛಾಯಾಗ್ರಾಹಕ ಬದುಕಿರುವಾಗಲೇ ಕುಳಿತು ಆರಿಸಿದ ಗುಚ್ಛಕ್ಕೆ ವಿಶೇಷ ಬೆಲೆಯಿದೆ. ತನ್ನ ಜೀವಮಾನದ ಕೆಲಸದಲ್ಲಿ ಯಾವುದು ಮುಖ್ಯ ಎಂದು ಆತನೇ ಹೇಳಿದ ಹಾಗೆ ಅದು.

ಅಷ್ಟರಲ್ಲಿ ದೊಡ್ಡ ವಿಶ್ವವಿದ್ಯಾಲಯಗಳೂ ಕಣ್ಣು ತೆರೆದಿದ್ದವು. ಟೆಕ್ಸಾಸ್ ವಿಶ್ವವಿದ್ಯಾಲಯ 1963ರಲ್ಲಿ ಹೆಲ್ಮುಟ್ ಗರ್ನ್‌ಶೈಮ್ ಅವರ ಸಂಗ್ರಹವನ್ನು ಕೊಂಡಾಗ, ಲೋಕದಲ್ಲಿ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರವೆನ್ನಲಾಗುವ ನಿಯೆಪ್ಸ್‌ನ ಕಿಟಕಿಯ ನೋಟವನ್ನು ಗರ್ನ್‌ಶೈಮ್ ಕಾಣಿಕೆಯಾಗಿ ಕೊಟ್ಟರು. ಪ್ರಿನ್ಸ್‌ಟನ್ 1972ರಲ್ಲಿ ಛಾಯಾಚಿತ್ರದ ಇತಿಹಾಸಕ್ಕೆಂದೇ ಪ್ರಾಧ್ಯಾಪಕ ಪೀಠ ತೆರೆದು ಪೀಟರ್ ಬನಲ್ ಅವರನ್ನು ಕೂರಿಸಿತು. ನಾಲ್ಕು ವರ್ಷದ ಮೇಲೆ ಛಾಯಾಗ್ರಾಹಕ ಮೈನರ್ ವೈಟ್ ತೀರಿಕೊಂಡಾಗ ಅವರ ಇಡೀ ಸಂಗ್ರಹ ಉಯಿಲಿನ ಪ್ರಕಾರ ಪ್ರಿನ್ಸ್‌ಟನ್ ಸೇರಿತು. ಬನಲ್, ವೈಟ್ ಅವರ ಹಳೆಯ ಶಿಷ್ಯ. ಛಾಯಾಗ್ರಾಹಕರ ದಾನಗಳಲ್ಲಿ ಅನೇಕವು ಕಟ್ಟಡ ನೋಡಿ ಹೋದವಲ್ಲ, ಒಳಗೆ ಕುಳಿತಿರುವ ಮನುಷ್ಯನನ್ನು ನೋಡಿ ಹೋದವು.

ಈ ನೂರು ವರ್ಷದ ದೊಡ್ಡ ತಿರುವು ಮಾತ್ರ ಅರಿಜೋನಾದ ಮರುಭೂಮಿಯಲ್ಲಿ ಆಯಿತು. ಅಲ್ಲಿನ ವಿಶ್ವವಿದ್ಯಾಲಯದ ಮುಖ್ಯಸ್ಥ ಜಾನ್ ಶೇಫರ್ ರಸಾಯನಶಾಸ್ತ್ರದ ಮೇಷ್ಟರು, ಛಾಯಾಗ್ರಹಣದ ಹುಚ್ಚು ಇದ್ದವರು. ನಿಮ್ಮ ಸಂಗ್ರಹವನ್ನು ನಮಗೆ ಕೊಡುತ್ತೀರಾ ಎಂದು ಅವರು ಆನ್ಸೆಲ್ ಆಡಮ್ಸ್ ಅವರನ್ನು ಕೇಳಿದರು. ಆಡಮ್ಸ್ ತಮ್ಮದೊಂದೇ ಸಾಲದು, ಬೇರೆಯವರದ್ದೂ ಸೇರಬೇಕು ಎಂದರು. 1975ರಲ್ಲಿ ಟೂಸಾನ್ ನಗರದಲ್ಲಿ ‘ಸೆಂಟರ್ ಫಾರ್ ಕ್ರಿಯೇಟಿವ್ ಫೋಟೊಗ್ರಫಿ’ ಹುಟ್ಟಿತು. ಆಡಮ್ಸ್, ವಿನ್ ಬುಲಕ್, ಹ್ಯಾರಿ ಕ್ಯಾಲಹನ್, ಆರನ್ ಸಿಸ್ಕಿಂಡ್, ಫ್ರೆಡರಿಕ್ ಸಾಮರ್ ಈ ಐವರ ಸಂಗ್ರಹಗಳೇ ಅದರ ಬುನಾದಿ.

ಅಲ್ಲಿಯವರೆಗೆ ಮ್ಯೂಸಿಯಂಗಳು ಕೇಳುತ್ತಿದ್ದದ್ದು ಒಳ್ಳೆಯ ಪ್ರಿಂಟುಗಳನ್ನು. ಟೂಸಾನ್ ಎಲ್ಲವನ್ನೂ ಕೇಳಿತು: ನೆಗೆಟಿವ್, ಕಾಂಟ್ಯಾಕ್ಟ್ ಶೀಟು, ಡಾರ್ಕ್‌ರೂಮಿನಲ್ಲಿ ಬರೆದಿಟ್ಟ ಚೀಟಿ, ಪತ್ರಗಳು, ಪ್ರಯೋಗಕ್ಕೆಂದು ತೆಗೆದು ಬದಿಗೆ ಹಾಕಿದ ಪ್ರಿಂಟು. ಇದರ ಲಾಭ ಏನೆಂದು ಗ್ಯಾರಿ ವಿನೋಗ್ರಾಂಡ್ ಅವರ ಸಂಗ್ರಹವನ್ನು ನೋಡಿದರೆ ತಿಳಿಯುತ್ತದೆ. 1984ರಲ್ಲಿ ಸತ್ತಾಗ ಅವರು ಸುಮಾರು 2,500 ರೋಲುಗಳನ್ನು ಡೆವಲಪ್ ಮಾಡದೆಯೇ ಬಿಟ್ಟು ಹೋಗಿದ್ದರು. ತೆಗೆದದ್ದನ್ನು ಅವರೇ ನೋಡಿರಲಿಲ್ಲ. ಕಾಂಟ್ಯಾಕ್ಟ್ ಶೀಟೊಂದರಲ್ಲಿ ಒಂದೇ ಬೀದಿಯ ಮೂವತ್ತಾರು ಕ್ಷಣಗಳು ಸಾಲಾಗಿ ಇರುತ್ತವೆ. ಪ್ರಸಿದ್ಧ ಚಿತ್ರದ ಹಿಂದಿನ ಫ್ರೇಮು, ಮುಂದಿನ ಫ್ರೇಮು, ಛಾಯಾಗ್ರಾಹಕ ಎಡಕ್ಕೆ ಸರಿದದ್ದು, ಒಬ್ಬ ಹೆಂಗಸು ದಾಟಿ ಹೋಗಲಿ ಎಂದು ಕಾದದ್ದು, ಆಮೇಲೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದ್ದು. ಹತ್ತೊಂಬತ್ತು ವರ್ಷದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಗೋಡೆಗೆ ಹಾಕಿದ ಚೌಕಟ್ಟಿನ ಚಿತ್ರ ಗೆಲುವನ್ನಷ್ಟೇ ತೋರಿಸುತ್ತದೆ. ಶೀಟಿನಲ್ಲಿ ಕೆಲಸ ಕಾಣುತ್ತದೆ.

ದಾನ ಎಂಬ ಒಂದೇ ಹೆಸರಿನಡಿ ಎಷ್ಟು ಬಗೆಯ ವ್ಯವಹಾರಗಳಿವೆ ಎಂಬುದೂ ಅಲ್ಲಿಯೇ ಸ್ಪಷ್ಟವಾಯಿತು. ಎಡ್ವರ್ಡ್ ವೆಸ್ಟನ್ ಚಿತ್ರಗಳ ಹಕ್ಕುಸ್ವಾಮ್ಯ 1981ರಿಂದ ಅರಿಜೋನಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯದು. ಆಡಮ್ಸ್ ಚಿತ್ರಗಳ ಪ್ರಕಟಣೆಯ ಹಕ್ಕು ಅವರೇ ಮಾಡಿದ ಟ್ರಸ್ಟಿನ ಬಳಿ ಉಳಿಯಿತು. ಪ್ರಿಂಟು ಒಬ್ಬರದು, ಅದನ್ನು ಪುಸ್ತಕದಲ್ಲಿ ಅಚ್ಚು ಹಾಕುವ ಹಕ್ಕು ಇನ್ನೊಬ್ಬರದು ಆಗಬಹುದು. ಕಾನೂನು ಇವೆರಡನ್ನೂ ಬೇರೆಬೇರೆಯಾಗಿಯೇ ನೋಡುತ್ತದೆ. ವೆಸ್ಟನ್ನರ ಮಗ ಬ್ರೆಟ್ ಅಂತೂ ಮೂರನೆಯ ದಾರಿ ಹಿಡಿದರು. 1991ರ ಡಿಸೆಂಬರಿನಲ್ಲಿ, ತಮ್ಮ ಎಂಬತ್ತನೆಯ ಹುಟ್ಟುಹಬ್ಬದಂದು, ತಮ್ಮ ನೆಗೆಟಿವ್‌ಗಳನ್ನು ಬೆಂಕಿಗೆ ಹಾಕಿದರು. ತನ್ನ ನೆಗೆಟಿವಿನಿಂದ ಬೇರೆಯವರು ಪ್ರಿಂಟು ತೆಗೆಯಬಾರದು ಎಂಬುದು ಅವರ ಹಟ. ಕಲಾವಿದನ ಹಕ್ಕು ಅದು ಎಂದು ಒಪ್ಪುತ್ತೇನೆ. ಆದರೂ ಆ ಬೆಂಕಿಯನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಇಷ್ಟೆಲ್ಲ ಕೊಟ್ಟವರಿಗೆ ಸರ್ಕಾರ ಏನು ಕೊಟ್ಟಿತು? 1969ಕ್ಕೆ ಮೊದಲು ಅಮೆರಿಕದ ಕಲಾವಿದ ತನ್ನ ಕೃತಿಯನ್ನು ಮ್ಯೂಸಿಯಂಗೆ ಕೊಟ್ಟರೆ ಅದರ ಮಾರುಕಟ್ಟೆ ಬೆಲೆಯಷ್ಟನ್ನು ವರಮಾನ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದಿತ್ತು. ಆ ವರ್ಷದ ತೆರಿಗೆ ಸುಧಾರಣಾ ಕಾಯ್ದೆ ಅದನ್ನು ನಿಲ್ಲಿಸಿತು. ಈಗ ಗ್ಯಾಲರಿಯಲ್ಲಿ 5,000 ಡಾಲರಿಗೆ ಮಾರಾಟವಾಗುವ ಪ್ರಿಂಟನ್ನು ಛಾಯಾಗ್ರಾಹಕರೇ ಕಾಲೇಜಿಗೆ ಕೊಟ್ಟರೆ ಸಿಗುವುದು ಕಾಗದದ, ರಾಸಾಯನಿಕದ ಖರ್ಚಿನಷ್ಟು ವಿನಾಯಿತಿ. ಅದೇ ಪ್ರಿಂಟನ್ನು ಕೊಂಡ ಶ್ರೀಮಂತ ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡು ಕೊಟ್ಟರೆ ಪೂರ್ತಿ ಬೆಲೆಗೆ ವಿನಾಯಿತಿ ಪಡೆಯಬಹುದು. ಪರಿಣಾಮ ಕೂಡಲೇ ಕಂಡಿತು. ಕಾಯ್ದೆಗೆ ಮುಂಚಿನ ಮೂರು ವರ್ಷದಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂಗೆ ಕಲಾವಿದರಿಂದ ಬಂದ ಕೃತಿಗಳು ಮುನ್ನೂರನ್ನು ದಾಟಿದ್ದವು. ಆಮೇಲಿನ ಮೂರು ವರ್ಷದಲ್ಲಿ ಮೂವತ್ತೂ ಬರಲಿಲ್ಲ. ಸೆನೆಟರ್ ಪ್ಯಾಟ್ರಿಕ್ ಲೇಹಿ ಇದನ್ನು ಸರಿಪಡಿಸಲು ಮತ್ತೆ ಮತ್ತೆ ಮಸೂದೆ ತಂದರು, ಅದು ಕಾಯ್ದೆಯಾಗಲಿಲ್ಲ. ದುಡಿದವನ ದಾನವನ್ನು ಕೊಂಡವನ ದಾನಕ್ಕಿಂತ ಕೀಳಾಗಿ ನೋಡುವ ಈ ಕಾನೂನು ಅನ್ಯಾಯದ್ದು. ಪಾರ್ಕ್ಸ್, ಆಡಮ್ಸ್ ಪೀಳಿಗೆ ಹೀಗಿದ್ದೂ ಕೊಟ್ಟಿತು ಎಂಬುದನ್ನು ಮರೆಯಬಾರದು.

ಸಿರಾಕ್ಯೂಸ್ ವಿಶ್ವವಿದ್ಯಾಲಯದ ಆವರಣದಲ್ಲಿ 1973ರಿಂದ ನಡೆಯುತ್ತಿರುವ ‘ಲೈಟ್ ವರ್ಕ್’ ಸಣ್ಣ, ಸರಳ ಪದ್ಧತಿಯೊಂದನ್ನು ರೂಢಿಸಿತು. ಛಾಯಾಗ್ರಾಹಕರಿಗೆ ತಿಂಗಳ ಮಟ್ಟಿಗೆ ಇರಲು ಜಾಗ, ಡಾರ್ಕ್‌ರೂಮು, ಖರ್ಚಿಗೆ ಹಣ ಕೊಡುತ್ತದೆ. ಹೋಗುವಾಗ ಅವರು ಕೆಲವು ಪ್ರಿಂಟುಗಳನ್ನು ಬಿಟ್ಟು ಹೋಗುತ್ತಾರೆ. ಕೊಡುಕೊಳ್ಳುವಿಕೆ ಇಬ್ಬರಿಗೂ ಗೌರವದ್ದು. ಹೆಸರಾಗದ ಹುಡುಗ ಹುಡುಗಿಯರ ಚಿತ್ರಗಳೂ ಹೀಗೆ ಸಂಗ್ರಹಕ್ಕೆ ಸೇರಿದವು.

2007ರಲ್ಲಿ ಬಂದದ್ದು ಇದರ ತದ್ವಿರುದ್ಧ. ಆಂಡಿ ವಾರ್ಹೋಲ್ ಹೆಸರಿನ ಪ್ರತಿಷ್ಠಾನ ಆತ ತೆಗೆದ 28,500ಕ್ಕೂ ಹೆಚ್ಚು ಚಿತ್ರಗಳನ್ನು ಅಮೆರಿಕದ 180ಕ್ಕೂ ಹೆಚ್ಚು ಕಾಲೇಜು, ವಿಶ್ವವಿದ್ಯಾಲಯಗಳ ಮ್ಯೂಸಿಯಂಗಳಿಗೆ ಹಂಚಿತು. ಒಂದೊಂದಕ್ಕೆ ಸುಮಾರು ನೂರು ಪೋಲರಾಯ್ಡ್, ಐವತ್ತು ಕಪ್ಪು ಬಿಳುಪು ಪ್ರಿಂಟು. ವಾರ್ಹೋಲ್‌ನ ಒಂದು ಚಿತ್ರ ಕೊಳ್ಳುವ ಶಕ್ತಿಯೂ ಇಲ್ಲದ ಸಣ್ಣ ಕಾಲೇಜುಗಳಿಗೆ ಒಮ್ಮೆಲೇ ನೂರೈವತ್ತು ಬಂದವು. ಆದರೆ ಒಬ್ಬನ ಕೆಲಸ ದೇಶದ ಉದ್ದಗಲಕ್ಕೂ ಚೆಲ್ಲಾಪಿಲ್ಲಿಯಾಯಿತು. ಪೂರ್ತಿ ಸಂಗ್ರಹ ಒಂದೆಡೆ ಇರಬೇಕೋ, ಹಂಚಿ ಹೋಗಬೇಕೋ? ಸಂಶೋಧಕ ಮೊದಲನೆಯದನ್ನು ಬಯಸುತ್ತಾನೆ, ಹಳ್ಳಿಗಾಡಿನ ಕಾಲೇಜಿನ ವಿದ್ಯಾರ್ಥಿನಿ ಎರಡನೆಯದನ್ನು. ನನ್ನ ಮತ ಟೂಸಾನ್ ಕಡೆಗೆ. ಹಂಚಿದ ಪ್ರಿಂಟಿನಿಂದ ಸಂತೋಷ ಸಿಗುತ್ತದೆ. ಒಟ್ಟಿಗೆ ಉಳಿದ ಸಂಗ್ರಹದಿಂದ ಮನುಷ್ಯ ಸಿಗುತ್ತಾನೆ.

ವಿಲಿಯಂ ಗೆಡ್ನಿಯ ಸಂಗತಿ ಇದಕ್ಕೆ ಸಾಕ್ಷಿ. 1969ರಿಂದ 71ರವರೆಗೆ ಕಾಶಿಯಲ್ಲಿ, 1979-80ರಲ್ಲಿ ಕಲ್ಕತ್ತೆಯಲ್ಲಿ ಇದ್ದು, ರಾತ್ರಿ ಬೀದಿಯಲ್ಲಿ ಮಲಗಿದವರನ್ನು, ಓಣಿಗಳನ್ನು ಬಹಳ ಮೆಲ್ಲಗೆ, ಮರ್ಯಾದೆಯಿಂದ ನೋಡಿದ ಅಮೆರಿಕದ ಛಾಯಾಗ್ರಾಹಕ ಆತ. ಬದುಕಿದ್ದಾಗ ಪುಸ್ತಕವೊಂದೂ ಬರಲಿಲ್ಲ. 1989ರಲ್ಲಿ ಏಡ್ಸ್‌ನಿಂದ ತೀರಿಕೊಂಡ ಮೇಲೆ ಗೆಳೆಯ, ಛಾಯಾಗ್ರಾಹಕ ಲೀ ಫ್ರೀಡ್‌ಲ್ಯಾಂಡರ್ ಪ್ರಿಂಟು, ನೆಗೆಟಿವ್, ನೋಟುಪುಸ್ತಕ ಎಲ್ಲವನ್ನೂ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಸೇರುವಂತೆ ನೋಡಿಕೊಂಡರು. ಅಲ್ಲಿಂದಲೇ 2000ದಲ್ಲಿ ಆತನ ಚಿತ್ರಗಳೂ ಟಿಪ್ಪಣಿಗಳೂ ಒಟ್ಟಿಗೆ ಪುಸ್ತಕವಾಗಿ ಬಂದವು. ಗೆಡ್ನಿಯ ಕಾಶಿ ಇವತ್ತು ಯಾರಾದರೂ ಕೂತು ನೋಡಬಹುದಾದ ಕಾಶಿಯಾಗಿ ಉಳಿದಿರುವುದು ಹೀಗೆ.

ಪಡೆಯುವವರ ಹೊಣೆ ಸಣ್ಣದಲ್ಲ. ದಾನಪತ್ರಕ್ಕೆ ಸಹಿ ಬಿದ್ದ ಮೇಲೆ ಪ್ರತಿ ಪ್ರಿಂಟಿನ ಹಿಂಬದಿಗೆ ಮೆತ್ತನೆಯ ಪೆನ್ಸಿಲಿನಲ್ಲಿ ಸಂಖ್ಯೆ ಬರೆಯಬೇಕು, ಆಮ್ಲವಿಲ್ಲದ ಕಾಗದದ ನಡುವೆ ಇಡಬೇಕು, ಬೆಳಕಿಗೆ ಕೆಲವೇ ತಿಂಗಳು ಒಡ್ಡಿ ಮತ್ತೆ ಕತ್ತಲೆಗೆ ಒಯ್ಯಬೇಕು. ಬಣ್ಣದ ಪ್ರಿಂಟಿಗೆ ತಣ್ಣನೆಯ ಕೋಣೆಯೇ ಬೇಕು. ಹಳೆಯ ಅಸಿಟೇಟ್ ಫಿಲಂ ಕೆಡಲು ಶುರುವಾದರೆ ಡಬ್ಬಿ ತೆರೆದ ಕೂಡಲೇ ವಿನೆಗರಿನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಇವಕ್ಕೆಲ್ಲ ಪ್ರತಿ ವರ್ಷ ದುಡ್ಡು ಬೇಕು, ಆ ದುಡ್ಡನ್ನು ಯಾರೂ ದಾನ ಮಾಡುವುದಿಲ್ಲ. ಫಿಸ್ಕ್‌ನಲ್ಲಿ ಆದದ್ದು ಅದೇ. ಮಾರಬಾರದು ಎಂದು ಓಕೀಫ್ ಷರತ್ತು ಹಾಕಿದ್ದರೂ ಹಣದ ಮುಗ್ಗಟ್ಟಿನಲ್ಲಿ ವಿಶ್ವವಿದ್ಯಾಲಯ ಕೋರ್ಟಿಗೆ ಹೋಯಿತು. ವರ್ಷಗಟ್ಟಲೆ ನಡೆದ ವ್ಯಾಜ್ಯ 2012ರಲ್ಲಿ ಮುಗಿಯಿತು: ಅರ್ಕನ್ಸಾದ ಕ್ರಿಸ್ಟಲ್ ಬ್ರಿಜಸ್ ಮ್ಯೂಸಿಯಂ 3 ಕೋಟಿ ಡಾಲರ್ ಕೊಟ್ಟು ಅರ್ಧ ಪಾಲು ಪಡೆಯಿತು, ಸಂಗ್ರಹ ಎರಡೆರಡು ವರ್ಷ ಅಲ್ಲಿ ಇಲ್ಲಿ ಇರುತ್ತದೆ. ಫಿಸ್ಕನ್ನು ದೂರಲು ನನಗೆ ಮನಸ್ಸಿಲ್ಲ. ಕೃತಿಗಳ ಜೊತೆಗೆ ಅವುಗಳನ್ನು ಕಾಯುವ ಖರ್ಚಿಗೂ ಯಾರಾದರೂ ನಿಧಿ ಕಟ್ಟಿದ್ದರೆ ಅದು ಕೋರ್ಟಿನ ಮೆಟ್ಟಿಲು ಹತ್ತಬೇಕಿರಲಿಲ್ಲ.

ಕಾಲೇಜು ಮತ್ತು ದಾನದ ಸಂಗ್ರಹ ಒಂದೇ ಆವರಣದಲ್ಲಿ ಬಾಳಬಲ್ಲವು ಎಂಬುದು ಬೆಂಗಳೂರಿಗೆ ಹೊಸತಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಅವರ ವರ್ಣಚಿತ್ರಗಳೂ ಕೇಜ್ರಿವಾಲ್ ಸಂಗ್ರಹವೂ ಹಾಗೆ ಬಂದವೇ. ನಮ್ಮ ಊರೂರಿನ ಸ್ಟುಡಿಯೊಗಳಲ್ಲಿ, ಪತ್ರಿಕಾ ಛಾಯಾಗ್ರಾಹಕರ ಮನೆಯ ಅಟ್ಟಗಳಲ್ಲಿ ಇರುವ ನೆಗೆಟಿವ್ ಡಬ್ಬಿಗಳಿಗೂ ಅಂಥ ಜಾಗ ಬೇಕು. ಅಂಥ ಡಬ್ಬಿ ನಿಮ್ಮ ಮನೆಯಲ್ಲಿದ್ದರೆ ಈ ವಾರವೇ ಇಳಿಸಿ. ಹಿರಿಯರು ಇರುವಾಗಲೇ ಕೇಳಿ, ಯಾರು, ಯಾವ ಊರು, ಯಾವ ವರ್ಷ ಎಂದು ಲಕೋಟೆಯ ಮೇಲೆ ಬರೆದಿಡಿ. ಕೊಡುವಾಗ ಪ್ರಿಂಟಿನ ಜೊತೆ ನೆಗೆಟಿವನ್ನೂ ಡೈರಿಯನ್ನೂ ಕೊಡಿ. 2012ರ ತಿದ್ದುಪಡಿಯ ನಂತರ ನಮ್ಮ ಕಾನೂನಿನಲ್ಲಿ ಛಾಯಾಚಿತ್ರದ ಹಕ್ಕುಸ್ವಾಮ್ಯ ಛಾಯಾಗ್ರಾಹಕರ ಜೀವಮಾನ ಮತ್ತು ಆಮೇಲೆ 60 ವರ್ಷ. ಆದ್ದರಿಂದ ಆ ಹಕ್ಕು ಯಾರ ಬಳಿ ಉಳಿಯುತ್ತದೆ ಎಂಬುದನ್ನು ದಾನಪತ್ರದಲ್ಲಿ ಸ್ಪಷ್ಟವಾಗಿ ಬರೆಸಿಯೇ ಸಹಿ ಹಾಕಿ.