ವೈದ್ಯವಿದ್ಯೆ ಬರೆದ ಭಾಷೆಗಳು: ಬಗ್ದಾದಿನಿಂದ ದೇರಳಕಟ್ಟೆಯವರೆಗೆ



ತೊಕ್ಕೊಟ್ಟು ಜಂಕ್ಷನ್ನಿನಿಂದ ಪೂರ್ವಕ್ಕೆ ಹೊರಡುವ ರಸ್ತೆ ನಮಗೆಲ್ಲ ಪರಿಚಿತ. ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಿಗೂ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೂ ಇದೇ ದಾರಿ. 1999ರಲ್ಲಿ ಕೆ.ಎಸ್. ಹೆಗ್ಡೆ ಮೆಡಿಕಲ್ ಅಕಾಡೆಮಿ ಮತ್ತು ಯೆನೆಪೋಯ ಮೆಡಿಕಲ್ ಕಾಲೇಜು ಇಲ್ಲಿ ಆರಂಭವಾದವು. 2008ರಲ್ಲಿ ನಿಟ್ಟೆ ಹಾಗೂ ಯೆನೆಪೋಯ ಡೀಮ್ಡ್ ವಿಶ್ವವಿದ್ಯಾನಿಲಯಗಳಾದವು. ಹೀಗೆ ವೈದ್ಯಕೀಯ ಸಂಶೋಧನೆ ನಮ್ಮ ಮನೆಬಾಗಿಲಿಗೇ ಬಂದಿದೆ. ಎಂ.ಡಿ., ಎಂ.ಎಸ್., ಪಿ.ಎಚ್‌ಡಿ. ಪದವಿ ಬಯಸುವವರು ಪ್ರಬಂಧ ಬರೆಯಬೇಕು, ಅದೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ ಅಥವಾ ಉರ್ದು ಎಂದು ಬೆಳೆದ ನಮ್ಮ ಮಕ್ಕಳು ಅಳುಕುವುದು ಇಲ್ಲಿಯೇ. ಪರೀಕ್ಷೆಯಲ್ಲಿ ಮುಂದಿರುವವರೂ ಪ್ರಬಂಧದ ಮಾತು ಬಂದಾಗ ಹಿಂದೆ ಸರಿಯುತ್ತಾರೆ. ಈ ಅಳುಕು ಅನಗತ್ಯ ಎಂಬುದಕ್ಕೆ ಇತಿಹಾಸವೇ ಸಾಕ್ಷಿ.

ಬಗ್ದಾದಿನ ಪಾಠ

ಒಂಬತ್ತನೆಯ ಶತಮಾನದ ಬಗ್ದಾದಿಗೆ ಹೋಗೋಣ. ಆಗ ವೈದ್ಯವಿದ್ಯೆಯ ಮುಖ್ಯ ಗ್ರಂಥಗಳು ಇದ್ದದ್ದು ಗ್ರೀಕ್ ಭಾಷೆಯಲ್ಲಿ. ಅವುಗಳನ್ನು ಸಿರಿಯಾಕ್ ಮತ್ತು ಅರಬಿ ಭಾಷೆಗಳಿಗೆ ತಂದವರಲ್ಲಿ ಅಗ್ರಗಣ್ಯರು ಹುನೈನ್ ಇಬ್ನ್ ಇಸ್ಹಾಕ್ (809–873). ಅವರು ಕ್ರೈಸ್ತರು, ಆಶ್ರಯ ನೀಡಿದವರು ಅಬ್ಬಾಸಿ ಖಲೀಫರು. ವಿದ್ಯೆಯ ವಿಷಯದಲ್ಲಿ ಆ ಕಾಲದವರ ಮನಸ್ಸು ಅಷ್ಟು ವಿಶಾಲವಾಗಿತ್ತು. ಹುನೈನ್ ಒಂದೇ ಗ್ರಂಥದ ಹಲವು ಹಸ್ತಪ್ರತಿಗಳನ್ನು ಸಂಗ್ರಹಿಸಿ, ಹೋಲಿಸಿ, ಪಾಠವನ್ನು ಸರಿಪಡಿಸಿಕೊಂಡ ನಂತರವೇ ಅನುವಾದಕ್ಕೆ ಕೈಹಾಕುತ್ತಿದ್ದರು. ಗ್ಯಾಲೆನ್‌ನ ಯಾವ ಕೃತಿಯನ್ನು ಯಾರು, ಯಾರಿಗಾಗಿ ಅನುವಾದಿಸಿದರು ಎಂಬುದನ್ನು ಒಂದು ಪತ್ರರೂಪದ ಕೃತಿಯಲ್ಲಿ ದಾಖಲಿಸಿಯೂ ಇಟ್ಟರು.

ಅದೇ ಶತಮಾನದಲ್ಲಿ ಇಮಾಂ ಬುಖಾರಿ (810–870) ಹದೀಸ್ ಸಂಗ್ರಹಿಸಿದರು. ಪ್ರತಿಯೊಂದು ಹದೀಸ್‌ನ ಹಿಂದೆ ಯಾರಿಂದ ಯಾರು ಕೇಳಿದರೆಂಬ ಸನದ್ ಇರುತ್ತದೆಯೆಂದು ಮದ್ರಸದಲ್ಲಿ ಕಲಿತವರಿಗೆ ಗೊತ್ತು. ಇಂದಿನ ವೈದ್ಯಕೀಯ ಪ್ರಬಂಧದಲ್ಲಿ ಪ್ರತಿ ಮಾತಿಗೂ ಆಧಾರ ಕೊಡಬೇಕೆನ್ನುವ ನಿಯಮದ ಆಶಯವೂ ಇದೇ. 1978ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸಭೆ ಸೇರಿ ರೂಪಿಸಿದ ನಿಯಮಗಳಿಂದ, ಆಧಾರಗಳಿಗೆ ಬಂದ ಕ್ರಮದಲ್ಲೇ ಸಂಖ್ಯೆ ಕೊಡುವ ಪದ್ಧತಿ ಬಳಕೆಗೆ ಬಂತು. ಹೆಸರು ಹೊಸದು, ಶಿಸ್ತು ನಮಗೆ ಹಳೆಯದು.

ಅಲ್ ರಾಝಿ (ಮರಣ 925) ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಿದುಳಿನ ಪೊರೆಯ ಉರಿಯೂತದ ಲಕ್ಷಣ ಕಂಡ ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತ ತೆಗೆಯುವ ಚಿಕಿತ್ಸೆ ಮಾಡಿ, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟು ಹೋಲಿಸಿದರು. ಆ ಚಿಕಿತ್ಸೆಯನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಏನು ಮಾಡಿದೆ, ಏನು ಕಂಡೆ ಎಂದು ಬರೆದಿಟ್ಟ ಕ್ರಮವನ್ನು ಇಂದಿಗೂ ಮೆಚ್ಚಲೇಬೇಕು.

ಏಳು ಶತಮಾನ ಮಲಗಿದ್ದ ಸತ್ಯ

ಈಗ ಎಚ್ಚರಿಕೆಯ ಕಥೆಯೊಂದನ್ನು ಕೇಳಿ. ದಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅಲ್ ನಫೀಸ್ (ಮರಣ 1288), ಇಬ್ನ್ ಸೀನಾರ ‘ಅಲ್ ಕಾನೂನ್’ ಗ್ರಂಥದ ಶರೀರರಚನಾ ಭಾಗಕ್ಕೆ ವ್ಯಾಖ್ಯಾನ ಬರೆದರು. ಹೃದಯದ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಗ್ಯಾಲೆನ್ ಹೇಳಿದಂತೆ ರಂಧ್ರಗಳಿಲ್ಲ, ರಕ್ತವು ಶ್ವಾಸಕೋಶಕ್ಕೆ ಹೋಗಿ ಗಾಳಿಯೊಂದಿಗೆ ಬೆರೆತು ಎಡಭಾಗಕ್ಕೆ ಬರುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದರು. ಯುರೋಪಿನಲ್ಲಿ ಸರ್ವೆಟಸ್ ಇದನ್ನು ಮುದ್ರಿಸಿದ್ದು 1553ರಲ್ಲಿ. ವಿಲಿಯಂ ಹಾರ್ವೆ ರಕ್ತಪರಿಚಲನೆಯ ಗ್ರಂಥವನ್ನು ಲ್ಯಾಟಿನ್‌ನಲ್ಲಿ ಪ್ರಕಟಿಸಿದ್ದು 1628ರಲ್ಲಿ. ಕೀರ್ತಿ ಅವರಿಗೆ ಸಂದಿತು, ನಫೀಸರ ಮಾತು ಹಸ್ತಪ್ರತಿಯಲ್ಲೇ ಉಳಿಯಿತು.

ಅದನ್ನು ಮತ್ತೆ ಹೊರತಂದವರು ಯಾರು? ಒಬ್ಬ ವೈದ್ಯಕೀಯ ಡಾಕ್ಟರೇಟ್ ವಿದ್ಯಾರ್ಥಿ! ಈಜಿಪ್ಟಿನ ಮುಹ್ಯಿದ್ದೀನ್ ಅಲ್ ತತಾವಿ ಬರ್ಲಿನ್ ಗ್ರಂಥಾಲಯದ ಹಸ್ತಪ್ರತಿಯೊಂದನ್ನು ಓದಿ, 1924ರಲ್ಲಿ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾನಿಲಯಕ್ಕೆ ಜರ್ಮನ್ ಭಾಷೆಯಲ್ಲಿ ಪ್ರಬಂಧ ಸಲ್ಲಿಸಿದರು. ಅವರ ಮಾತೃಭಾಷೆ ಅರಬಿ, ಕಲಿತು ಬರೆದದ್ದು ಜರ್ಮನ್. ಆದರೆ ಆ ಪ್ರಬಂಧ ಮುದ್ರಣವಾಗಲಿಲ್ಲ. ಕೈರೋದಲ್ಲಿದ್ದ ಕಣ್ಣಿನ ವೈದ್ಯ ಮ್ಯಾಕ್ಸ್ ಮಯರ್‌ಹೋಫ್ ಅದನ್ನು ಪರಿಶೀಲಿಸಿ, 1935ರಲ್ಲಿ ‘ಐಸಿಸ್’ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬರೆದ ಮೇಲೆ ವಿಷಯ ಎಲ್ಲೆಡೆ ಹರಡಿತು. ಕಂಡುಕೊಂಡರೆ ಸಾಲದು, ಬರೆಯಬೇಕು. ಬರೆದರೆ ಸಾಲದು, ಓದುವವರ ಕೈಗೆ ತಲುಪಬೇಕು.

ನಮ್ಮ ದೇಶದಲ್ಲಿ

ಭಾರತದಲ್ಲಿ ವೈದ್ಯಶಿಕ್ಷಣದ ಭಾಷೆ ಹಲವು ಬಾರಿ ಬದಲಾಗಿದೆ. 1822ರಲ್ಲಿ ಕಲ್ಕತ್ತಾದಲ್ಲಿ ಆರಂಭವಾದ ನೇಟಿವ್ ಮೆಡಿಕಲ್ ಇನ್‌ಸ್ಟಿಟ್ಯೂಷನ್ ದೇಶಭಾಷೆಯಲ್ಲಿ ಪಾಠ ಹೇಳುತ್ತಿತ್ತು. 1835ರಲ್ಲಿ ಅದನ್ನು ಮುಚ್ಚಿ ಇಂಗ್ಲಿಷ್ ಮಾಧ್ಯಮದ ಮೆಡಿಕಲ್ ಕಾಲೇಜು ತೆರೆಯಲಾಯಿತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದುವಿನಲ್ಲಿ ಉನ್ನತ ಶಿಕ್ಷಣ ಕೊಟ್ಟಿತು, ವೈದ್ಯಶಿಕ್ಷಣವನ್ನೂ ಕೊಟ್ಟಿತು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಉರ್ದು, ಕನ್ನಡ ಯಾವುದೂ ವಿಜ್ಞಾನಕ್ಕೆ ಅಸಮರ್ಥವಲ್ಲ. ಈ ಕಾಲದಲ್ಲಿ ಜಗತ್ತಿನ ವೈದ್ಯರು ಪರಸ್ಪರ ಓದುವ ಭಾಷೆ ಇಂಗ್ಲಿಷ್, ಅಷ್ಟೇ.

ವಿದ್ಯಾರ್ಥಿಗಳೇ, ಇದು ನಿಮಗೆ

ಪ್ರಬಂಧದ ಇಂಗ್ಲಿಷ್ ಎಂದರೆ ಅಲಂಕಾರದ ಇಂಗ್ಲಿಷ್ ಅಲ್ಲ. ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಾಕು: ಏಕೆ ಈ ಅಧ್ಯಯನ? ಹೇಗೆ ಮಾಡಿದಿರಿ? ಏನು ಕಂಡಿರಿ? ಅದರ ಅರ್ಥವೇನು? ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಹಿಂದೆಯೇ. ಆದ್ದರಿಂದ ಉದ್ದ ವಾಕ್ಯವನ್ನು ಎರಡಾಗಿ ಒಡೆಯಿರಿ. ‘ಈ ಔಷಧದಿಂದ ರೋಗ ಗುಣವಾಗುತ್ತದೆ’ ಎನ್ನಬೇಡಿ. ಅರುವತ್ತು ರೋಗಿಗಳನ್ನು ನೋಡಿದ್ದರೆ, ‘ಈ ಅರುವತ್ತು ರೋಗಿಗಳಲ್ಲಿ ಹೀಗೆ ಕಂಡುಬಂತು’ ಎನ್ನಿ. ಕಂಡಷ್ಟನ್ನೇ ಹೇಳುವುದು ಅಮಾನತ್ ಕಾಯ್ದುಕೊಂಡಂತೆ.

ಭಾಷೆಯ ಭಯದಿಂದ ಬೇರೆಯವರ ವಾಕ್ಯಗಳನ್ನು ಹಾಗೆಯೇ ಇಳಿಸಿಕೊಳ್ಳುವವರೂ ಇದ್ದಾರೆ. 2018ರ ಯು.ಜಿ.ಸಿ. ನಿಯಮದ ಪ್ರಕಾರ ಪ್ರಬಂಧದಲ್ಲಿ ನಕಲಿನ ಹೋಲಿಕೆ ಶೇಕಡಾ 10 ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇಕಡಾ 60 ದಾಟಿದರೆ ನೋಂದಣಿಯೇ ರದ್ದು. ವರ್ಷಗಳ ದುಡಿಮೆ ಒಂದೇ ದಿನದಲ್ಲಿ ಹೋದೀತು. ಆಧಾರ ಗ್ರಂಥವನ್ನು ಓದಿ, ಮುಚ್ಚಿಟ್ಟು, ಅರ್ಥವಾದದ್ದನ್ನು ಮೊದಲು ಕನ್ನಡದಲ್ಲೋ ಉರ್ದುವಿನಲ್ಲೋ ಬರೆದುಕೊಳ್ಳಿ. ಆಮೇಲೆ ಸರಳ ಇಂಗ್ಲಿಷಿಗೆ ತನ್ನಿ. ಆಗ ವಾಕ್ಯ ನಿಮ್ಮದೇ ಆಗಿರುತ್ತದೆ. ಎಲ್ಲಿಂದ ತಿಳಿದಿರೋ ಆ ಆಧಾರವನ್ನು ಮಾತ್ರ ಮರೆಯದೆ ಕೊಡಿ. ಹೈಸ್ಕೂಲಿನಲ್ಲಿರುವವರು ಇಂದೇ ದಿನಕ್ಕೆ ಹತ್ತು ಸಾಲು ಬರೆಯಲು ತೊಡಗಿದರೆ, ಪ್ರಬಂಧದ ದಿನ ಬಂದಾಗ ಕೈ ನಡುಗದು.

ಪವಿತ್ರ ಕುರ್‌ಆನಿನ ಮೊದಲ ಅವತೀರ್ಣದಲ್ಲಿ ಓದಿನ ಆಜ್ಞೆಯ ಜೊತೆಗೆ ಲೇಖನಿಯ ಪ್ರಸ್ತಾಪವೂ ಇದೆ. ನಾವು ಓದಿಗೆ ಕೊಟ್ಟ ಮಹತ್ವವನ್ನು ಬರಹಕ್ಕೂ ಕೊಡೋಣ. ಹುನೈನ್ ಗ್ರೀಕ್ ಕಲಿತರು, ತತಾವಿ ಜರ್ಮನ್ ಕಲಿತರು. ನಮ್ಮೂರಿನ ಮಕ್ಕಳು ಇಂಗ್ಲಿಷಿಗೆ ಹೆದರಬೇಕಾಗಿಲ್ಲ. ಅವರ ಲೇಖನಿಗೆ ಅಲ್ಲಾಹನು ಬರಕತ್ ನೀಡಲಿ. ಆಮೀನ್.