ಯಂತ್ರ ಹೊಸದು, ತೊಟ್ಟು ಹಳೆಯದು

ಹೆಗ್ಗನಹಳ್ಳಿಯ ನಮ್ಮ ಮನೆಗೆ ಈಚೆಗೆ ಒಂದು ಕಾಫಿ ಯಂತ್ರ ಬಂದಿತು. ಮಗ ತಂದುಕೊಟ್ಟದ್ದು. ಹಿಂದೆ ನೀರಿನ ತೊಟ್ಟಿ, ಮೇಲೆ ಕಾಗದದ ಫಿಲ್ಟರ್ ಕೂರಿಸುವ ಬುಟ್ಟಿ, ಕೆಳಗೆ ಗಾಜಿನ ಜಾಡಿ. ಗುಂಡಿ ಒತ್ತಿದರೆ ಐದಾರು ನಿಮಿಷದಲ್ಲಿ ಜಾಡಿ ತುಂಬುತ್ತದೆ ಎಂದು ಅವನು ಹೇಳಿ ಹೋದ. ಮರುದಿನ ಬೆಳಿಗ್ಗೆ ನಾವು ಡಬ್ಬಿಯಲ್ಲಿದ್ದ ಮಾಮೂಲಿ ಕಾಫಿಪುಡಿಯನ್ನೇ ಹಾಕಿದೆವು. ನೀರು ಕಾಗದದಲ್ಲಿ ಕಟ್ಟಿ ನಿಂತಿತು; ಬುಟ್ಟಿ ತುಂಬಿ, ಪುಡಿಯೂ ನೀರೂ ಅಡುಗೆಕಟ್ಟೆಯ ಮೇಲೆಲ್ಲ ಹರಿಯಿತು. ಇಳಿದಷ್ಟನ್ನು ಹಾಲಿಗೆ ಬೆರೆಸಿ ಕೊಟ್ಟರೆ ನಮ್ಮ ತಾಯಿ ಒಂದೇ ಗುಟುಕು ಕುಡಿದು, "ಇದೇನಪ್ಪಾ, ಫಿಲ್ಟರ್ ತೊಳೆದ ನೀರಿನ ಹಾಗಿದೆ" ಎಂದು ಲೋಟ ಕೆಳಗಿಟ್ಟರು.

ತಪ್ಪು ಯಂತ್ರದ್ದೇ, ಪುಡಿಯದೇ, ಇಲ್ಲ ನಮ್ಮ ನಾಲಗೆಯದೇ? ಇದಕ್ಕೆ ಉತ್ತರ ಬೇಕಾದರೆ ಕಾಫಿಯ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು.

ಯಂತ್ರ ಹೊಸದಾದರೂ ಅದರ ತತ್ವ ಹೊಸದಲ್ಲ. ಪುಡಿಯ ಮೇಲೆ ಬಿಸಿನೀರು ಸುರಿದು, ತೊಟ್ಟುತೊಟ್ಟಾಗಿ ಕೆಳಗಿಳಿಯುವ ಸಾರವನ್ನು ಹಿಡಿದುಕೊಳ್ಳುವ ಎರಡಂತಸ್ತಿನ ಪಾತ್ರೆ 1800ರ ಸುಮಾರಿಗೇ ಫ್ರಾನ್ಸಿನಲ್ಲಿ ಬಳಕೆಗೆ ಬಂದಿತ್ತು. ಪ್ಯಾರಿಸಿನ ಆರ್ಚ್‌ಬಿಷಪ್ ಆಗಿದ್ದ ಡಿ ಬೆಲ್ಲೋಯ್ ಅವರ ಹೆಸರು ಅದರೊಂದಿಗೆ ಸೇರಿಕೊಂಡಿದೆ. ನಮ್ಮ ಮನೆಗಳ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರಿನ ತತ್ವವೂ ಇದೇ. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟಾ ಬೆಂಟ್ಸ್ ಹಿತ್ತಾಳೆಯ ಪಾತ್ರೆಯೊಂದರ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆಯ ಪುಸ್ತಕದ ಮಸಿ ಹೀರುವ ಕಾಗದವನ್ನು ಅದರೊಳಗೆ ಹಾಸಿ ಕಾಫಿ ಸೋಸಿದರು. ಚರಟವಿಲ್ಲದ, ತಿಳಿಯಾದ ಕಾಫಿ ಸಿಕ್ಕಿತು; ಅದೇ ವರ್ಷ ಪೇಟೆಂಟೂ ದೊರೆಯಿತು. 1954ರಲ್ಲಿ ಜರ್ಮನಿಯಲ್ಲೇ 'ವಿಗೋಮಾಟ್' ಎಂಬ ವಿದ್ಯುತ್ ಯಂತ್ರ ಬಂತು. 1972ರಲ್ಲಿ 'ಮಿಸ್ಟರ್ ಕಾಫಿ' ಅಮೆರಿಕದ ಮನೆಗಳಿಗೆ ಕಾಲಿಟ್ಟಿತು. ಇಂದಿನ ದುಬಾರಿ ಯಂತ್ರಗಳೆಲ್ಲ ಈ ವಂಶದವೇ.

ಹಾಗಿದ್ದರೆ ಒಂದೇ ತತ್ವದ ಎರಡು ಪಾತ್ರೆಗಳಲ್ಲಿ ಇಷ್ಟು ಅಂತರವೇಕೆ? ಅವು ಇಳಿಸುವ ವಸ್ತುವೇ ಬೇರೆ. ಯಂತ್ರ ಇಳಿಸುವುದು ಕುಡಿಯಲು ಸಿದ್ಧವಾದ ಕಾಫಿಯನ್ನು. ನಮ್ಮ ಫಿಲ್ಟರ್ ಇಳಿಸುವುದು ಡಿಕಾಕ್ಷನ್ನನ್ನು. ಯಂತ್ರಕ್ಕೆ ಒಂದು ಲೀಟರ್ ನೀರಿಗೆ 55ರಿಂದ 60 ಗ್ರಾಂ ಪುಡಿ ಸಾಕು. ನಾವಾದರೋ 30 ಗ್ರಾಂ ಪುಡಿಗೆ ಒಂದು ಲೋಟ ನೀರು ಸುರಿದು, ಮುಚ್ಚಿಟ್ಟು ಕಾಯುತ್ತೇವೆ. ಅದು ಹೆಚ್ಚುಕಡಿಮೆ ಮೂರು ಪಟ್ಟು ಗಟ್ಟಿ. ಲೋಟದ ತುಂಬ ಹಾಲು ಬೆರೆಸಿದರೂ ಅದರ ಬಣ್ಣ, ಕಹಿ ಎರಡೂ ನಿಲ್ಲುವುದು ಇದರಿಂದಲೇ. ತೆಳುವಾದ ಕಾಫಿಗೆ ಹಾಲು ಸುರಿದರೆ ಆಗುವುದು ನಮ್ಮ ತಾಯಿ ಹೇಳಿದಂತೆಯೇ.

ಇನ್ನು ಚಿಕೋರಿ. ಇದು ಕಾಫಿಯಲ್ಲ, ಒಂದು ಗಿಡದ ಬೇರು. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಯೂರೋಪಿಗೆ ಕಾಫಿಬೀಜ ಬರುವುದು ಕಷ್ಟವಾಯಿತು. ಹುರಿದ ಚಿಕೋರಿ ಬೇರಿನ ಬಳಕೆ ಫ್ರಾನ್ಸಿನಲ್ಲಿ ಹೆಚ್ಚಿತು. ಅದರಲ್ಲಿ ಕೆಫೀನ್ ಇಲ್ಲ. ಆದರೆ ನೀರಿನಲ್ಲಿ ಕಾಫಿಗಿಂತ ಬಹಳ ಹೆಚ್ಚಾಗಿ ಕರಗಿ ಡಿಕಾಕ್ಷನ್ನಿಗೆ ಕಪ್ಪನ್ನೂ ಮಂದವನ್ನೂ ಕೊಡುತ್ತದೆ. ನಮ್ಮಲ್ಲಿ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ 51 ಭಾಗವಾದರೂ ಕಾಫಿ ಇರಬೇಕೆಂಬ ನಿಯಮವಿದೆ. ಅಂದರೆ ಸುಮಾರು ಅರ್ಧದವರೆಗೂ ಬೇರು ಇರಬಹುದು! ಲೋಹದ ಫಿಲ್ಟರಿನಲ್ಲಿ ಈ ಅಂಟು ನೀರನ್ನು ತಡೆದು, ನಿಧಾನವಾಗಿ ಇಳಿಸಿ ಉಪಕಾರ ಮಾಡುತ್ತದೆ. ಕಾಗದದಲ್ಲಿ ಅದೇ ಅಂಟು ರಂಧ್ರಗಳನ್ನು ಮುಚ್ಚುತ್ತದೆ. ನಮ್ಮ ಅಡುಗೆಕಟ್ಟೆಯ ಪ್ರವಾಹಕ್ಕೆ ಕಾರಣ ತಿಳಿಯಿತಲ್ಲವೇ?

ಈ ಮಿಶ್ರಣದ ರುಚಿಯನ್ನೇ ನಾವು ತಲೆತಲಾಂತರದ್ದು ಎನ್ನುತ್ತೇವೆ. ಬಾಬಾಬುಡನ್ ಅವರು 17ನೇ ಶತಮಾನದಲ್ಲಿ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯವಿದೆ. ಬೆಳೆ ಹಳೆಯದು, ನಿಜ. ಆದರೆ ಬಯಲುಸೀಮೆಯ ಸಾಮಾನ್ಯರ ಮನೆಗಳಲ್ಲಿ ಕಾಫಿ ದಿನಬಳಕೆಯಾದದ್ದು ಬಹುಮಟ್ಟಿಗೆ 20ನೇ ಶತಮಾನದಲ್ಲಿ. ಅದಕ್ಕೆ ಸರ್ಕಾರದ ಒತ್ತಾಸೆಯೂ ಇತ್ತು. 1930ರ ದಶಕದಲ್ಲಿ ಬೆಲೆ ಕುಸಿದಾಗ ದೇಶದೊಳಗೆ ಕುಡಿಯುವವರನ್ನು ಹೆಚ್ಚಿಸಲು ಇಂಡಿಯಾ ಕಾಫಿ ಹೌಸ್‌ಗಳು ಶುರುವಾದವು. ಮಹಾಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿದ ಮೇಲೆ 1942ರ ಕಾಯ್ದೆಯಡಿ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಯಿತು. ಮಂಡಳಿ ಅದನ್ನು ದರ್ಜೆಯಂತೆ ವಿಂಗಡಿಸಿ ಹರಾಜು ಹಾಕುತ್ತಿತ್ತು. ಬೆಳೆಗಾರನಿಗೆ ರಕ್ಷಣೆ ಸಿಕ್ಕಿತು. ಆದರೆ ಒಂದು ತೋಟದ ಕಾಫಿ ನೂರಾರು ತೋಟಗಳ ಕಾಫಿಯಲ್ಲಿ ಬೆರೆತುಹೋಯಿತು. ಪೀಬೆರಿ, ಪ್ಲಾಂಟೇಷನ್ ಎ ಎಂಬ ದರ್ಜೆ ತಿಳಿದ ಗ್ರಾಹಕನಿಗೆ ಅದು ಯಾವ ಬೆಟ್ಟದ್ದು ಎಂಬುದು ತಿಳಿಯುತ್ತಿರಲಿಲ್ಲ. ಈ ಕಟ್ಟು 1992ರಿಂದ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ಬಿಚ್ಚಿತು. 2019ರಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಗುರುತು ದೊರೆಯಿತು.

ಹೊಸ ಯಂತ್ರಕ್ಕೆ ಒಂದು ಅರ್ಥ ಬರುವುದು ಇಲ್ಲಿ. ಅದರಲ್ಲಿ ಪಂಪು ಇಲ್ಲ. ಕೊಳವೆಯಲ್ಲಿ ಕುದಿಯುವ ನೀರಿನ ಗುಳ್ಳೆಗಳೇ ನೀರನ್ನು ಮೇಲಕ್ಕೆ ತಳ್ಳುತ್ತವೆ. ಅದು 92ರಿಂದ 96 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪುಡಿಯ ಮೇಲೆ ಬೀಳಬೇಕು. ಅಗ್ಗದ ಯಂತ್ರ ಎಡವುವುದು ಈ ಶಾಖದಲ್ಲಿ, ದುಬಾರಿ ಯಂತ್ರಕ್ಕೆ ಹಣ ಕೊಡುವುದು ಈ ಶಾಖಕ್ಕೆ. ಚಿಕೋರಿಯಿಲ್ಲದ, ತುಸು ತರಿಯಾಗಿ ಬೀಸಿದ, ಹದವಾಗಿ ಹುರಿದ ಪುಡಿ ಹಾಕಿ, ಹಾಲು ಬೆರೆಸದೆ ಕುಡಿದರೆ ಬೀಜದ ಹುಳಿ, ಸಿಹಿ, ಪರಿಮಳ ಒಂದೊಂದಾಗಿ ತಿಳಿಯುತ್ತವೆ. ಹಾಲು, ಚಿಕೋರಿಗಳ ಹಿಂದೆ ಅಡಗಿದ್ದ ಬೆಟ್ಟ ಲೋಟದಲ್ಲಿ ಕಾಣಿಸಿಕೊಳ್ಳುತ್ತದೆ.

ಪೀಣ್ಯದ ಕಾರ್ಖಾನೆಗಳ ಆಸರೆಯಲ್ಲಿ ಬೆಳೆದ ಹೆಗ್ಗನಹಳ್ಳಿಯಲ್ಲಿ ಬೆಳಗಿನ ಪಾಳಿಗೆ ಹೊರಡುವವರಿಗೆ ಇದೆಲ್ಲ ಸೊಗಸಿನ ಮಾತೆನಿಸಬಹುದು. ಅವರಿಗೆ ಬೇಕಾದದ್ದು ರಾತ್ರಿಯೇ ಇಳಿಸಿಟ್ಟ ಡಿಕಾಕ್ಷನ್, ಬಿಸಿ ಹಾಲು, ಬೇಗನೆ ಒಂದು ಲೋಟ. ಆ ಕಾಫಿಗೆ ಅದರದೇ ಮರ್ಯಾದೆಯಿದೆ, ಅದನ್ನು ಯಾವ ಯಂತ್ರವೂ ಕಸಿಯಬೇಕಾಗಿಲ್ಲ. ನಮ್ಮ ಮನೆಯಲ್ಲೂ ರಾಜಿಯಾಗಿದೆ. ಬೆಳಿಗ್ಗೆ ಫಿಲ್ಟರಿನದು, ಸಂಜೆ ನಾಲ್ಕಕ್ಕೆ ಯಂತ್ರದ್ದು. ಮೊನ್ನೆ ತಾಯಿ ಬಾಬಾಬುಡನ್‌ಗಿರಿಯ ಕಾಫಿಯನ್ನು ಹಾಲಿಲ್ಲದೆ ಅರ್ಧ ಲೋಟ ಕುಡಿದರು. "ಚೆನ್ನಾಗಿದೆ, ಆದರೆ ಇದನ್ನು ಕಾಫಿ ಅನ್ನಬೇಡ, ಬೇರೆ ಏನಾದರೂ ಹೆಸರಿಡು" ಎಂದರು. ಅವರ ಅಜ್ಜಿಯೂ ಮೊದಲ ಲೋಟ ಕುಡಿದಾಗ ಹೀಗೇ ಅಂದಿರಬಹುದು.