ಎರಡನೇ ಒಡೆಯನಿಗೆ ತಲುಪದ ಪತ್ರ

ಹಳೆಯ ಕಾರು ಕೊಳ್ಳುವವರು ಬಾನೆಟ್ ಎತ್ತಿ ನೋಡುತ್ತಾರೆ. ಟೈರಿನ ಸವೆತ, ಎಂಜಿನ್ನಿನ ಸದ್ದು, ಬ್ರೇಕಿನ ಹಿಡಿತ ಪರೀಕ್ಷಿಸುತ್ತಾರೆ. ಪರಿಚಯದ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ದು ಒಂದು ಸುತ್ತು ಓಡಿಸಿ ನೋಡುತ್ತಾರೆ. ಆರ್.ಸಿ., ವಿಮೆ, ಬ್ಯಾಂಕ್ ಸಾಲ ತೀರಿದ ಪತ್ರ ಎಲ್ಲವನ್ನೂ ಕೇಳುತ್ತಾರೆ. ಆದರೆ ಸಾಮಾನ್ಯವಾಗಿ ಕೇಳದೆ ಉಳಿಯುವ ಪ್ರಶ್ನೆಯೊಂದಿದೆ. ಈ ಕಾರನ್ನು ತಯಾರಿಸಿದ ಕಂಪೆನಿ ಅದನ್ನು ಎಂದಾದರೂ ವಾಪಸು ಕರೆದಿತ್ತೇ? ಕರೆದಿದ್ದರೆ, ಹಿಂದಿನ ಒಡೆಯ ರಿಪೇರಿ ಮಾಡಿಸಿದ್ದನೇ?

ಮಾರಾಟವಾದ ವಾಹನದಲ್ಲಿ ಪ್ರಾಣಕ್ಕೆ ಅಪಾಯ ತರುವ ದೋಷ ಕಂಡುಬಂದಾಗ ತಯಾರಕರೇ ಅದನ್ನು ವಾಪಸು ಕರೆಸಿ ಉಚಿತವಾಗಿ ಸರಿಪಡಿಸಿಕೊಡುವ ಪದ್ಧತಿಗೆ ‘ರೀಕಾಲ್’ ಎಂದು ಹೆಸರು. ಇದು ಕಾನೂನಿನ ರೂಪ ಪಡೆದದ್ದು ಅಮೆರಿಕದಲ್ಲಿ. ಈ ಕಾನೂನು ಬೆಳೆದುಬಂದ ದಾರಿಯನ್ನು ನೋಡಿದರೆ, ಹೊಸ ಕಾರಿನ ಒಡೆಯನಿಗೆ ಬೇಗನೆ ಸಿಕ್ಕ ರಕ್ಷಣೆ ಹಳೆಯ ಕಾರು ಕೊಂಡವನಿಗೆ ಎಷ್ಟು ತಡವಾಗಿ ಸಿಕ್ಕಿತೆಂಬುದು ತಿಳಿಯುತ್ತದೆ.

ನೇಡರ್ ಎತ್ತಿದ ಪ್ರಶ್ನೆ

1965ರವರೆಗೆ ರಸ್ತೆ ಅಪಘಾತವೆಂದರೆ ಚಾಲಕನ ತಪ್ಪು ಎಂಬುದೇ ಸಾಮಾನ್ಯ ನಂಬಿಕೆಯಾಗಿತ್ತು. ಆ ವರ್ಷದ ನವೆಂಬರ್‌ನಲ್ಲಿ ರಾಲ್ಫ್ ನೇಡರ್ ಎಂಬ 31 ವರ್ಷದ ವಕೀಲರು ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಎಂಬ ಪುಸ್ತಕ ಪ್ರಕಟಿಸಿದರು. ಕಾರಿನ ವಿನ್ಯಾಸವೇ ಜೀವ ತೆಗೆಯಬಲ್ಲದು ಎಂಬುದು ಅವರ ವಾದ. ಜನರಲ್ ಮೋಟರ್ಸ್ ಕಂಪೆನಿಯ ಕಾರ್ವೇರ್ ಕಾರಿನ ಹಿಂಬದಿ ಸಸ್ಪೆನ್ಷನ್ ಕುರಿತದ್ದೇ ಅದರ ಮೊದಲ ಅಧ್ಯಾಯ. ಕಂಪೆನಿ ನೇಡರ್ ಅವರ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ಸಂಗತಿ ಬಯಲಾಗಿ, 1966ರ ಮಾರ್ಚ್‌ನಲ್ಲಿ ಕಂಪೆನಿಯ ಅಧ್ಯಕ್ಷ ಜೇಮ್ಸ್ ರೋಷ್ ಸೆನೆಟ್ ಉಪಸಮಿತಿಯ ಎದುರು ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತಾ ಕಾಯಿದೆಗೆ ಸಹಿ ಹಾಕಿದರು.

ಈ ಕಾಯಿದೆ ದೋಷದ ಬಗ್ಗೆ ಅಂಚೆಯ ಮೂಲಕ ಪತ್ರ ಬರೆದು ತಿಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತು. ಪತ್ರ ಯಾರಿಗೆ? ಕಾರನ್ನು ಮೊದಲು ಕೊಂಡವನಿಗೆ. ವಾರಂಟಿಯೂ ಕಾರಿನೊಂದಿಗೆ ವರ್ಗಾವಣೆಯಾಗಿದ್ದರೆ ಮಾತ್ರ ನಂತರದ ಒಡೆಯನಿಗೆ. ದೋಷವನ್ನು ಉಚಿತವಾಗಿ ಸರಿಪಡಿಸಬೇಕೆಂಬ ಕಟ್ಟಳೆಯೂ ಆಗ ಇರಲಿಲ್ಲ. ಅದು ಬಂದದ್ದು 1974ರ ತಿದ್ದುಪಡಿಯಲ್ಲಿ. ಅದಕ್ಕೂ ವಯಸ್ಸಿನ ಮಿತಿಯಿತ್ತು: ಮೊದಲ ಮಾರಾಟದಿಂದ 8 ವರ್ಷ. 2000ದಲ್ಲಿ ಅದು 10 ವರ್ಷಕ್ಕೂ, 2015ರಲ್ಲಿ 15 ವರ್ಷಕ್ಕೂ ಏರಿತು. ಕಾರುಗಳು ಹೆಚ್ಚು ಕಾಲ ಬಾಳತೊಡಗಿದಂತೆ ಕಾನೂನು ನಿಧಾನವಾಗಿ ಅವುಗಳ ಹಿಂದೆ ನಡೆಯಿತು ಎನ್ನಬಹುದು.

ದೂರು ಬೇರೆ, ದೋಷ ಬೇರೆ

ಒಡೆಯರ ದೂರುಗಳೆಲ್ಲವೂ ರೀಕಾಲ್‌ಗೆ ಕಾರಣವಾಗುವುದಿಲ್ಲ. ಬಣ್ಣ ಸುಲಿಯುವುದು, ಎಂಜಿನ್ ಆಯಿಲ್ ಹೆಚ್ಚು ಕುಡಿಯುವುದು, ಎ.ಸಿ. ತಂಪು ಮಾಡದಿರುವುದು ಜೇಬಿಗೆ ಭಾರವೇ ಹೊರತು ಸಾಮಾನ್ಯವಾಗಿ ಪ್ರಾಣಕ್ಕಲ್ಲ. ಅವು ವಾರಂಟಿಯ ಅಥವಾ ಗ್ರಾಹಕ ನ್ಯಾಯಾಲಯದ ವಿಷಯ. ಆದರೆ ಓಡುತ್ತಿರುವ ಕಾರಿನ ಗೇರ್‌ಬಾಕ್ಸ್ ಏಕಾಏಕಿ ಬಿಗಿದುಕೊಂಡರೆ ಅದು ಸುರಕ್ಷತೆಯ ಮಾತು. ಹೋಂಡಾ ಕಂಪೆನಿ 2004ರಲ್ಲಿ ಅಮೆರಿಕದಲ್ಲಿ ಸುಮಾರು 11 ಲಕ್ಷ ವಾಹನಗಳನ್ನು ವಾಪಸು ಕರೆದದ್ದು ಇಂಥದೇ ಕಾರಣಕ್ಕೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎರಡನೇ ಗೇರ್ ವಿಪರೀತ ಬಿಸಿಯಾಗಿ ಮುರಿಯುವ ಸಂಭವ ಅವುಗಳಲ್ಲಿತ್ತು. 2003 ಮತ್ತು 2004ರ ಮಾದರಿಯ ಆರು ಸಿಲಿಂಡರಿನ ಅಕಾರ್ಡ್ ಕಾರುಗಳೂ ಅವುಗಳ ಪೈಕಿ ಇದ್ದವು.

ಹಾಗೆಂದು ಬಿಡಿ ದೂರುಗಳಿಗೆ ಬೆಲೆಯಿಲ್ಲವೆಂದಲ್ಲ. ಒಂದೇ ಬಗೆಯ ದೂರು ಹಲವು ಕಡೆಗಳಿಂದ ಬಂದಾಗಲೇ ದೋಷದ ಸುಳಿವು ಸಿಗುವುದು. ಸುಳಿವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೂ ಮಧ್ಯಮ ಗಾತ್ರದ ಇದೇ ಅಕಾರ್ಡ್ ಉದಾಹರಣೆಯಾಯಿತು.

ಕಾಯಬೇಕಾದ ಚೀಲವೇ ಕೊಂದಾಗ

ಅಪಘಾತವಾದ ಕ್ಷಣದಲ್ಲಿ ಸ್ಟೀರಿಂಗಿನೊಳಗಿನ ರಾಸಾಯನಿಕ ಉರಿದು ಅನಿಲ ಹೊಮ್ಮುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗಾಳಿಚೀಲ ಉಬ್ಬಿ ಚಾಲಕನನ್ನು ಕಾಯುತ್ತದೆ. ಜಪಾನಿನ ಟಕಾಟ ಕಂಪೆನಿ ಇದಕ್ಕೆ ಬಳಸಿದ್ದು ಅಮೋನಿಯಂ ನೈಟ್ರೇಟ್. ವರ್ಷಗಳು ಕಳೆದಂತೆ ತೇವ ಮತ್ತು ಉಷ್ಣತೆಯ ಏರಿಳಿತದಿಂದ ಅದು ಹದಗೆಟ್ಟು, ಬೇಕಾದುದಕ್ಕಿಂತ ವೇಗವಾಗಿ ಉರಿಯತೊಡಗುತ್ತದೆ. ಆಗ ಅದನ್ನು ತುಂಬಿದ ಲೋಹದ ಡಬ್ಬಿಯೇ ಸಿಡಿದು, ಚೂರುಗಳು ಚಾಲಕನ ಮುಖ, ಕತ್ತಿಗೆ ಬಡಿಯುತ್ತವೆ.

2004ರಲ್ಲೇ ಅಲಬಾಮಾ ರಾಜ್ಯದಲ್ಲಿ 2002ರ ಅಕಾರ್ಡ್ ಕಾರಿನ ಚೀಲ ಹೀಗೆ ಸಿಡಿದಿತ್ತು. ಅದನ್ನು ಅಪರೂಪದ ಪ್ರಕರಣವೆಂದು ಬದಿಗಿಡಲಾಯಿತು. 2008ರ ನವೆಂಬರ್‌ನಲ್ಲಿ ಹೋಂಡಾ ಸುಮಾರು 4,000 ಕಾರುಗಳನ್ನಷ್ಟೇ ವಾಪಸು ಕರೆಯಿತು. 2009ರ ಮೇ ತಿಂಗಳಲ್ಲಿ ಒಕ್ಲಹೋಮಾದಲ್ಲಿ 2001ರ ಅಕಾರ್ಡ್ ಓಡಿಸುತ್ತಿದ್ದ 18 ವರ್ಷದ ಯುವತಿ ಸಿಡಿದ ಚೂರಿನಿಂದ ಸಾವಿಗೀಡಾದಳು. ಆ ಬಳಿಕವೇ ವಾಪಸು ಕರೆ ಲಕ್ಷಗಳ ಸಂಖ್ಯೆಗೆ ಏರಿದ್ದು. ಮುಂದೆ ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಗಾಳಿಚೀಲಗಳು ಈ ಪಟ್ಟಿಗೆ ಸೇರಿ, ಅದು ಆ ದೇಶದ ಇತಿಹಾಸದ ಅತಿ ದೊಡ್ಡ ರೀಕಾಲ್ ಆಯಿತು. ಅಲ್ಲಿ ಸತ್ತವರು 25ಕ್ಕೂ ಹೆಚ್ಚು. 2017ರ ಜನವರಿಯಲ್ಲಿ ತಪ್ಪೊಪ್ಪಿಗೆಯ ಒಪ್ಪಂದದಂತೆ ಟಕಾಟ ದಂಡ, ಪರಿಹಾರ ಸೇರಿ 100 ಕೋಟಿ ಡಾಲರ್ ತೆರಲು ಒಪ್ಪಿತು. ಜೂನ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು.

ಇಲ್ಲಿ ಮುಖ್ಯವಾದ ಸಂಗತಿ ಬೇರೆಯೇ ಇದೆ. 2016ರ ಜೂನ್‌ನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ ಒಂದು ಎಚ್ಚರಿಕೆ ನೀಡಿತು. 2001ರಿಂದ 2003ರವರೆಗಿನ ಕೆಲವು ಹೋಂಡಾ ಕಾರುಗಳಲ್ಲಿ ತಯಾರಿಕೆಯ ದೋಷವೂ ಸೇರಿಕೊಂಡು, ಅಪಘಾತವಾದಾಗ ಚೀಲ ಸಿಡಿಯುವ ಸಂಭವ ಶೇಕಡ 50ರಷ್ಟಿದೆ. ಅವುಗಳನ್ನು ರಿಪೇರಿಗೆ ಒಯ್ಯುವುದಕ್ಕಲ್ಲದೆ ಓಡಿಸಲೇಬೇಡಿ ಎಂದಿತು. ಆ ಕಾರುಗಳಿಗೆಲ್ಲ 2008ರಿಂದ 2011ರ ನಡುವೆಯೇ ವಾಪಸು ಕರೆ ಹೋಗಿತ್ತು. ಆದರೂ 3.13 ಲಕ್ಷ ಕಾರುಗಳು ರಿಪೇರಿಯಾಗದೆ ಉಳಿದಿದ್ದವು. ಹದಿನೈದು ವರ್ಷದ ಕಾರು ಎರಡು, ಮೂರು, ನಾಲ್ಕು ಕೈ ದಾಟಿರುತ್ತದೆ. ಪತ್ರ ಹಳೆಯ ವಿಳಾಸಕ್ಕೆ ಹೋಗುತ್ತದೆ. ಕಂಪೆನಿ ಫೋನ್ ಮಾಡಿತು, ಮನೆಮನೆಗೆ ಜನರನ್ನು ಕಳುಹಿಸಿತು. ಹಾಗಿದ್ದೂ 2023ರ ಫೆಬ್ರವರಿಯಲ್ಲಿ ಸುಮಾರು 8,200 ಕಾರುಗಳ ಒಡೆಯರಿಗೆ ‘ಓಡಿಸಬೇಡಿ’ ಎಂದು ಮತ್ತೆ ಹೇಳಬೇಕಾಯಿತು.

2014ರಿಂದ ಅಲ್ಲಿ ಕಾರಿನ 17 ಅಂಕಿ-ಅಕ್ಷರಗಳ ಗುರುತಿನ ಸಂಖ್ಯೆ ಕೊಟ್ಟು ಬಾಕಿ ಇರುವ ರೀಕಾಲನ್ನು ಯಾರು ಬೇಕಾದರೂ ಉಚಿತವಾಗಿ ತಿಳಿಯಬಹುದು. ರೀಕಾಲ್ ಬಾಕಿ ಇರುವ ಹೊಸ ಕಾರನ್ನು ರಿಪೇರಿ ಮಾಡದೆ ಮಾರುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. ಹಳೆಯ ಕಾರು ಮಾರುವ ಡೀಲರ್‌ಗೆ ಅದೇ ಕಾನೂನಿನಲ್ಲಿ ಅಂಥ ನಿಷೇಧವಿಲ್ಲ.

ನಮ್ಮಲ್ಲಿ

ಭಾರತದಲ್ಲಿ ವಾಹನ ತಯಾರಕರ ಸಂಘ 2012ರಲ್ಲಿ ಸ್ವಯಂಪ್ರೇರಿತ ರೀಕಾಲ್ ಸಂಹಿತೆಯನ್ನು ರೂಪಿಸಿತು. ಟಕಾಟ ಚೀಲಗಳಿಗಾಗಿ ಹೋಂಡಾ ಇಲ್ಲಿಯೂ ಹಲವು ಬಾರಿ ಕಾರುಗಳನ್ನು ವಾಪಸು ಕರೆಯಿತು. 2018ರ ಜನವರಿಯಲ್ಲಿ ಕರೆದ 22,834 ಕಾರುಗಳಲ್ಲಿ ಅಕಾರ್ಡ್, ಸಿಟಿ ಮತ್ತು ಜಾಝ್ ಇದ್ದವು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 110ಎ ಸೆಕ್ಷನ್ ಸೇರಿ, ರೀಕಾಲ್‌ಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂತು. 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ ಕಡ್ಡಾಯ ರೀಕಾಲ್‌ನಲ್ಲಿ ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಈ ನಿಯಮ ಅನ್ವಯಿಸುವುದು ಏಳು ವರ್ಷದೊಳಗಿನ ವಾಹನಗಳಿಗೆ. ಒಕ್ಲಹೋಮಾದ ಆ ಅಕಾರ್ಡ್ 2001ರ ಮಾದರಿಯದು, ಅಪಘಾತವಾದದ್ದು 2009ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು.

ಕಾರು ಮಾರುವಾಗ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು, ಆರ್.ಟಿ.ಓ. ಕಚೇರಿಗೆ ಹೋಗುವುದನ್ನು ತಿಂಗಳುಗಟ್ಟಲೆ ಮುಂದೂಡುವುದು ನಮ್ಮಲ್ಲಿ ಹೊಸದೇನಲ್ಲ. ಅಷ್ಟು ದಿನವೂ ಸರ್ಕಾರಿ ದಾಖಲೆಯಲ್ಲಿ ಕಾರು ಹಿಂದಿನವರದೇ ಆಗಿರುತ್ತದೆ; ಕಂಪೆನಿಯ ಪತ್ರವೂ ಅವರ ಮನೆಗೇ ಹೋಗುತ್ತದೆ. ಹಳೆಯ ಕಾರು ಕೊಳ್ಳುವವರು ಹಣ ಎಣಿಸುವ ಮೊದಲು ಚಾಸಿ ಸಂಖ್ಯೆಯನ್ನು ಬರೆದುಕೊಂಡು ಕಂಪೆನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸುವುದು ಒಳಿತು. ಕೊಂಡ ಮೇಲೆ ಹೆಸರು ಬದಲಾವಣೆ ಮಾಡಿಸಿ, ತಮ್ಮ ವಿಳಾಸ ಮತ್ತು ಫೋನ್ ಸಂಖ್ಯೆಯನ್ನು ಅಲ್ಲಿಯೂ ಬರೆಸಬೇಕು. ಅರ್ಧ ದಿನದ ಕೆಲಸವಿದು. ದೋಷವಿರುವುದು ಕಾರಿನಲ್ಲಿ, ಅದು ಎಷ್ಟನೇ ಒಡೆಯನ ಕೈಯಲ್ಲಿದೆ ಎಂಬುದನ್ನು ನೋಡಿ ಅಪಘಾತ ಬರುವುದಿಲ್ಲ.